ಕಥೋಲಿಕರ ಹಬ್ಬ, ಹರಕೆ, ಅಡುಗೆಮನೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಡಿಸೆಂಬರ್ ಬಂತೆಂದರೆ ವಾಟ್ಸಾಪಿನಲ್ಲಿ, ಕಥೋಲಿಕ ಮನೆಯವರನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ದೇವಶಾಸ್ತ್ರ ಓದಿದವಳಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಸಂಸಾರ ಮಾಡುತ್ತಿರುವವಳು. ಉತ್ತರಗಳಲ್ಲಿ ಶಾಸ್ತ್ರಕ್ಕಿಂತ ಒಗ್ಗರಣೆ ವಾಸನೆ ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ಕಥೋಲಿಕರು ಅಂದರೆ ಕ್ರೈಸ್ತರೇ ಅಲ್ವಾ? ಕಿಟ್ಟೆಲ್ ನಿಮ್ಮವರಾ?

ಕ್ರೈಸ್ತರೇ. ಆದರೆ ಕ್ರೈಸ್ತರೆಲ್ಲರೂ ಕಥೋಲಿಕರಲ್ಲ. ರೋಮಿನ ಪೋಪ್ ಅವರನ್ನು ಗುರುವಾಗಿ ಒಪ್ಪುವವರು, ಮಾತೆ ಮರಿಯ ಮತ್ತು ಸಂತರ ಮೊರೆ ಹೋಗುವವರು, ಭಾನುವಾರ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಹೋಗುವವರು ಕಥೋಲಿಕರು. ನಿಘಂಟಿನ ಕಿಟ್ಟೆಲ್, 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೋಗ್ಲಿಂಗ್, ಮಂಗಳೂರು ಹಂಚಿನ ಕಾರ್ಖಾನೆ ಕಟ್ಟಿದವರು, ಇವರೆಲ್ಲ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟರು. ಆ ಕೀರ್ತಿಯಲ್ಲಿ ನಮಗೆ ಪಾಲಿಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಮುಲ್ಲರ್ ಮಾತ್ರ ನಮ್ಮವರು. ಜರ್ಮನಿಯಿಂದ ಬಂದ, ಜೆಸ್ವಿತ್ ಎಂಬ ಕಥೋಲಿಕ ಸಂನ್ಯಾಸಿ ಸಂಘದ ಪಾದ್ರಿ. 1880ರಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದ್ದೇ ಮುಂದೆ ಅಷ್ಟು ದೊಡ್ಡ ಸಂಸ್ಥೆಯಾಯಿತು.

ಡಿಸೋಜ, ಪಿಂಟೊ, ಲೋಬೊ... ನೀವು ಪೋರ್ಚುಗೀಸರ ವಂಶದವರಾ?

ಅಲ್ಲ. ಹೆಸರು ಪೋರ್ಚುಗೀಸ್, ಜನ ಇಲ್ಲಿನವರು. 16ನೇ ಶತಮಾನದಲ್ಲಿ ಗೋವಾದಲ್ಲಿ ಕ್ರೈಸ್ತರಾದವರಿಗೆ ದೀಕ್ಷಾಸ್ನಾನದ ಹೊತ್ತಿಗೆ ಸಿಕ್ಕ ಹೆಸರುಗಳು ಅವು. ಆಮೇಲೆ ಕ್ಷಾಮ, ಯುದ್ಧ, ತೆರಿಗೆ, ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ಕಾಟ ಎಲ್ಲ ಸೇರಿ ಸಾವಿರಾರು ಕುಟುಂಬಗಳು ಗೋವಾ ಬಿಟ್ಟು ಕರಾವಳಿಯುದ್ದಕ್ಕೂ ಕೆಳಗಿಳಿದವು. ಬೇಸಾಯ ಬಲ್ಲ ಜನ ಅಂತ ಕೆಳದಿಯ ನಾಯಕರು ನೆಲೆ ಕೊಟ್ಟರು. ಮನೆಮಾತು ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ.

ಘಟ್ಟದ ಮೇಲೆ ಕಥೆಯೇ ಬೇರೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಯಪ್ಪ, ಚಿನ್ನಪ್ಪ, ಚೌರಪ್ಪ ಅಂತ ಕೇಳಿದಾಗ ಕ್ರೈಸ್ತರೆಂದು ಹೊಳೆಯುವುದೇ ಇಲ್ಲ. ರಾಯಪ್ಪ ಅಂದರೆ ಸಂತ ಪೇತ್ರ, ಚಿನ್ನಪ್ಪ ಅಂದರೆ ಪೌಲ, ಚೌರಪ್ಪ ಅಂದರೆ ಫ್ರಾನ್ಸಿಸ್ ಕ್ಸೇವಿಯರ್. ಡಿಸೋಜರಿಗಿಂತ ಇವರ ಹೆಸರುಗಳೇ ನನಗೆ ಹೆಚ್ಚು ಇಷ್ಟ.

ಸೆಪ್ಟೆಂಬರ್ 8ರಂದು ಮಂಗಳೂರಿನವರು ರಜೆ ಹಾಕಿ ಊರಿಗೆ ಓಡುವುದು ಯಾಕೆ?

ಮೊಂತಿ ಫೆಸ್ತ್. ಕನ್ನಡದಲ್ಲಿ ತೆನೆ ಹಬ್ಬ. ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬಕ್ಕೆ ಹೊಸ ಬೆಳೆಯ ಹಬ್ಬವೂ ಸೇರಿಕೊಂಡಿದೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದ ಈ ಹೆಸರು ಬಂತು ಎನ್ನುತ್ತಾರೆ.

ಆಗಸ್ಟ್ 30ರಿಂದ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ. ಮಕ್ಕಳು ಬೆಳಿಗ್ಗೆ ಎದ್ದು ಬೇಲಿ ಬೇಲಿ ಸುತ್ತಿ ಹೂ ಕೊಯ್ಯುತ್ತಾರೆ. ದಾಸವಾಳ, ಗೋರಂಟೆ, ಗೌರಿಹೂ, ಏನೂ ಸಿಗದಿದ್ದರೆ ಕಾಡುಹೂ. ತಟ್ಟೆಯಲ್ಲಿ ಹೂ ಹಿಡಿದು ಸಾಲಾಗಿ ಹೋಗಿ, ಹಾಡುತ್ತಾ ಬಾಲೆ ಮರಿಯಳ ಮೂರ್ತಿಗೆ ಎರಚುತ್ತಾರೆ. ಪಕ್ಕದ ಮನೆಯ ಹೂ ಕದ್ದದ್ದಕ್ಕೆ ಆ ಒಂಬತ್ತು ದಿನ ಯಾರೂ ಬೈಯುವುದಿಲ್ಲ. ಹಾಗಂತ ನಾವು ಮಕ್ಕಳು ಗಟ್ಟಿಯಾಗಿ ನಂಬಿದ್ದೆವು.

ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿ ಆಶೀರ್ವದಿಸುತ್ತಾರೆ. ಮೆರವಣಿಗೆಯಲ್ಲಿ ಚರ್ಚಿಗೆ ತಂದು ಪೂಜೆಯಾದ ಮೇಲೆ ಮನೆಗೊಂದರಂತೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬಿನ ತುಂಡು. ಮನೆಗೆ ಬಂದು ಆ ಭತ್ತ ಸುಲಿದು, ಅಕ್ಕಿ ಕಾಳನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟ ಮೇಲೆಯೇ ಊಟ.

ಊಟ ಪೂರ್ತಿ ಸಸ್ಯಾಹಾರ, ಬಾಳೆ ಎಲೆಯ ಮೇಲೆ. ಪಲ್ಯ, ಗಸಿಗಳ ಲೆಕ್ಕ ಬೆಸಸಂಖ್ಯೆಯಲ್ಲಿ ಇರಬೇಕು: ಐದು, ಏಳು, ಒಂಬತ್ತು. ಹರಿವೆ ದಂಟು, ಅಲಸಂಡೆ, ಬೆಂಡೆ, ಹೀರೆ, ಅಂಬಟೆ, ಪತ್ರೊಡೆ. ವರ್ಷವಿಡೀ ಮೀನಿಲ್ಲದೆ ಅನ್ನ ಇಳಿಯದ ಮನೆಗಳಲ್ಲಿ ಅವತ್ತು ಮೀನಿನ ಹೆಸರೆತ್ತುವ ಹಾಗಿಲ್ಲ.

ಊರಿಗೆ ಬರಲಾಗದ ಮಕ್ಕಳಿಗೆ? ಅಮ್ಮಂದಿರು ನಾಲ್ಕು ಕಾಳು ಒಣಗಿಸಿ, ಕಾಗದದಲ್ಲಿ ಮಡಚಿ, ಲಕೋಟೆಯೊಳಗಿಟ್ಟು ದುಬೈಗೋ ಕುವೈತಿಗೋ ಕಳಿಸುತ್ತಾರೆ. ಅಲ್ಲಿ ಅದು ಪ್ಯಾಕೆಟ್ ಹಾಲಿನ ಪಾಯಸಕ್ಕೆ ಬೀಳುತ್ತದೆ.

ತುಳುನಾಡಿನ ಹಿಂದೂ ಮನೆಗಳ ಕುರಲ್ ಪರ್ಬ, ಹೊಸ ಅಕ್ಕಿ ಊಟ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣದು. ಗದ್ದೆ ಒಂದೇ, ಮಳೆ ಒಂದೇ. ತೆನೆ ಮನೆಗೆ ತರುವ ಖುಷಿಯೂ ಒಂದೇ.

ಶಿವಾಜಿನಗರದ ಚರ್ಚಿನಲ್ಲಿ ಮರಿಯಮ್ಮನವರಿಗೆ ಸೀರೆ ಉಡಿಸುತ್ತಾರಲ್ಲ, ಅದು ಚರ್ಚಿನ ಕ್ರಮವಾ?

ಜನರ ಕ್ರಮ. ಚರ್ಚ್ ಅದನ್ನು ಸಂತೋಷದಿಂದಲೇ ಒಪ್ಪಿದೆ. ಆರೋಗ್ಯ ಮಾತೆಯ ಈ ದೇವಾಲಯದ ಈಗಿನ ಕಟ್ಟಡ 1882ರದ್ದು. ಸೆಪ್ಟೆಂಬರ್ 8ರ ಸಂಜೆ ತೇರು ಹೊರಡುವಾಗ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾವಿ ಬಟ್ಟೆ ಉಟ್ಟು ಹರಕೆ ಹೊತ್ತವರು, ಮೇಣದಬತ್ತಿ ಹಿಡಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಅರ್ಧದಷ್ಟು ಮಂದಿ ಕ್ರೈಸ್ತರೇ ಅಲ್ಲ ಅಂತ ನೋಡಿದರೇ ತಿಳಿಯುತ್ತದೆ. ಯಾರೂ ಲೆಕ್ಕ ಕೇಳುವುದೂ ಇಲ್ಲ.

"ಹಾಗಾದರೆ ಮೂರ್ತಿಪೂಜೆ ಮಾಡುತ್ತೀರಾ?" ಎಂಬುದು ಇದರ ಬಾಲವಾಗಿ ಬರುವ ಪ್ರಶ್ನೆ. ಚರ್ಚಿನ ಉತ್ತರ ಸ್ಪಷ್ಟ: ಆರಾಧನೆ ದೇವರಿಗೆ ಮಾತ್ರ. ಮರಿಯ ಮತ್ತು ಸಂತರಿಗೆ ಗೌರವ, ಅವರಲ್ಲಿ ನಮ್ಮ ಪರವಾಗಿ ದೇವರ ಹತ್ತಿರ ಮಾತಾಡಿ ಎಂಬ ಬೇಡಿಕೆ. ಮೊಣಕಾಲೂರಿ ಅಳುತ್ತಿರುವ ಅಜ್ಜಿಗೆ ಈ ವ್ಯತ್ಯಾಸ ಎಷ್ಟು ಮುಖ್ಯವೋ, ಅವರನ್ನೇ ಕೇಳಬೇಕು.

ಚರ್ಚಿನಲ್ಲಿ ಆರತಿ ಬೆಳಗುವುದನ್ನು ನೋಡಿದೆ. ಇದು ಯಾವಾಗ ಶುರುವಾಯಿತು?

1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಅದಕ್ಕೆ ಮೊದಲು ಪೂಜೆಯೆಲ್ಲ ಲ್ಯಾಟಿನ್‌ನಲ್ಲಿ. ನಮ್ಮಜ್ಜಿ ಅರ್ಥವಾಗದ ಲ್ಯಾಟಿನ್ ಪ್ರಾರ್ಥನೆಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದರು. ಮಹಾಸಭೆ ಆಯಾ ನಾಡಿನ ಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಭಾರತದ ಚರ್ಚಿಗೆ ಆರತಿ, ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮ ಸೇರಿ ಹನ್ನೆರಡು ಬದಲಾವಣೆಗಳಿಗೆ ರೋಮ್ ಅನುಮತಿ ಕೊಟ್ಟಿತು. ಈ ಪ್ರಯೋಗಗಳಿಗೆ ದೊಡ್ಡ ನೆಲೆಯಾದದ್ದು ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ಒಂದು ರಾಷ್ಟ್ರೀಯ ಕೇಂದ್ರ, ಫಾದರ್ ಅಮಲೋರ್ ಪವದಾಸ್ ಅವರದು. ಎಲ್ಲರಿಗೂ ಇಷ್ಟವಾಯಿತು ಅಂತಲ್ಲ. ಇವತ್ತಿಗೂ ಗಿಟಾರ್ ಬೇಕೋ ಹಾರ್ಮೋನಿಯಂ ಬೇಕೋ ಅಂತ ಗಾಯನವೃಂದಗಳಲ್ಲಿ ಜಗಳ ಆಗುತ್ತಲೇ ಇರುತ್ತದೆ.

ನಾನು ಕ್ರೈಸ್ತಳಲ್ಲ. ಗೆಳತಿಯ ಮದುವೆಗೆ ಚರ್ಚಿಗೆ ಹೋಗಬೇಕು. ಏನು ಮಾಡಬೇಕು, ಏನು ಮಾಡಬಾರದು?

ಧಾರಾಳವಾಗಿ ಬನ್ನಿ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂತುಕೊಳ್ಳಿ. ಮೊಣಕಾಲೂರಲೇಬೇಕು ಅಂತೇನಿಲ್ಲ, ಸುಮ್ನೆ ಕೂತಿದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಚಪ್ಪಲಿ ಹೆಚ್ಚಿನ ಕಡೆ ಕಳಚಬೇಕಿಲ್ಲ. ಬಾಗಿಲಲ್ಲಿ ನೋಡಿದರೆ ಗೊತ್ತಾಗುತ್ತದೆ.

ಒಂದೇ ಒಂದು ವಿಷಯ. ಪೂಜೆಯ ಕೊನೆಕೊನೆಗೆ ಎಲ್ಲರೂ ಸಾಲಾಗಿ ಎದ್ದು ಹೋಗಿ ಸಣ್ಣ ಬಿಳಿ ರೊಟ್ಟಿ ತೆಗೆದುಕೊಳ್ಳುತ್ತಾರೆ. ಅದು ಪರಮಪ್ರಸಾದ. ದೇವಸ್ಥಾನದ ಪ್ರಸಾದದ ಹಾಗೆ ಬಂದವರಿಗೆಲ್ಲ ಕೊಡುವುದಿಲ್ಲ. ಅದು ಯೇಸುವಿನ ಶರೀರವೇ ಎಂದು ನಂಬಿ, ಅದಕ್ಕೆ ತಯಾರಾದ ಕಥೋಲಿಕರಿಗೆ ಮಾತ್ರ. ಆ ಹೊತ್ತಿನಲ್ಲಿ ನಿಮ್ಮ ಜಾಗದಲ್ಲೇ ಕೂತಿರಿ. ಗೊತ್ತಿಲ್ಲದೆ ತೆಗೆದುಕೊಂಡು ಕರವಸ್ತ್ರದಲ್ಲಿ ಕಟ್ಟಿ ಮನೆಗೆ ಒಯ್ಯಲು ಹೊರಟವರ ಹಿಂದೆ ಫಾದರ್ ಓಡುವುದನ್ನು ನೋಡಿದ್ದೇನೆ. ಪಾಪ, ಅವರು ಭಕ್ತಿಯಿಂದಲೇ ಹಾಗೆ ಮಾಡಿದ್ದು.

ಸಿನಿಮಾದಲ್ಲಿ ತೋರಿಸುವ ಹಾಗೆಯೇ ಇರುತ್ತಾ ನಿಮ್ಮ ಚರ್ಚು, ಮದುವೆ, ಪಾಪನಿವೇದನೆ?

ಬಿಳಿ ನಿಲುವಂಗಿ ಪಾದ್ರಿ ಸರಿ. ಉಳಿದದ್ದರಲ್ಲಿ ಅರ್ಧ ಸುಳ್ಳು.

ಮದುವೆಯ ಮಧ್ಯೆ "ಯಾರಿಗಾದರೂ ಆಕ್ಷೇಪ ಇದ್ದರೆ ಈಗಲೇ ಹೇಳಿ" ಅಂತ ಪಾದ್ರಿ ಕೇಳುವುದು, ಹೀರೋ ಬಾಗಿಲು ಒದ್ದು ಒಳಗೆ ಬರುವುದು, ನಮ್ಮಲ್ಲಿ ಹಾಗಿಲ್ಲ. ಮದುವೆಗೆ ಮೊದಲೇ ಜೋಡಿಯ ಹೆಸರುಗಳನ್ನು ಚರ್ಚಿನಲ್ಲಿ ಪ್ರಕಟಿಸುತ್ತಾರೆ. ತಕರಾರಿದ್ದವರು ಆಗಲೇ ಹೋಗಿ ಹೇಳಬೇಕು. ಕೊನೆಯಲ್ಲಿ ವಧುವಿಗೆ ಮುತ್ತು ಕೊಡಿ ಎಂಬ ಮಾತೂ ಪೂಜಾವಿಧಿಯಲ್ಲಿಲ್ಲ. ಅದು ಹಾಲಿವುಡ್ಡಿನಿಂದ ಬಂದದ್ದು, ಈಗ ಫೋಟೋಗ್ರಾಫರ್‌ಗಳು ಕೇಳಿಯೇ ಕೇಳುತ್ತಾರೆ.

ಪಾಪನಿವೇದನೆಯ ವಿಷಯದಲ್ಲಿ ಮಾತ್ರ ಸಿನಿಮಾದವರಿಗೆ ಒಳ್ಳೆಯ ಸರಕು ಸಿಕ್ಕಿದೆ. ಮರದ ಜಾಲರಿ, ಆಚೆ ಪಾದ್ರಿಯ ಕಿವಿ, ಈಚೆ ಕೊಲೆಗಾರನ ಪಿಸುಮಾತು. ಪಾದ್ರಿ ಅದನ್ನು ಪೊಲೀಸರಿಗೆ ಹೇಳಬಹುದಾ? ಹೇಳುವ ಹಾಗಿಲ್ಲ. ಮಾತಿನಿಂದಲ್ಲ, ಸನ್ನೆಯಿಂದಲೂ ಇಲ್ಲ. ಬೇಕಂತಲೇ ಗುಟ್ಟು ಬಿಟ್ಟುಕೊಟ್ಟ ಪಾದ್ರಿಗೆ ತಾನಾಗಿಯೇ ಬಹಿಷ್ಕಾರ ಬೀಳುತ್ತದೆ ಎಂದು ಚರ್ಚಿನ ಕಾನೂನು ಹೇಳುತ್ತದೆ. ಆದರೆ ನಿಜದಲ್ಲಿ ಆ ಜಾಲರಿಯ ಹಿಂದೆ ಕೇಳಿಬರುವುದು ಅತ್ತೆಗೆ ಎದುರು ಮಾತಾಡಿದೆ, ಭಾನುವಾರ ನಿದ್ದೆ ಮಾಡಿ ಪೂಜೆ ತಪ್ಪಿಸಿದೆ, ಈ ಥರದ್ದೇ ಜಾಸ್ತಿ ಇರಬೇಕು. ಕನಿಷ್ಠ ನನ್ನ ಸರದಿಯಲ್ಲಿ ಹಾಗೆ.

ಇನ್ನು ಹಳೆಯ ಸಿನಿಮಾಗಳ ಟೋಪಿ ಹಾಕಿದ ಕುಡುಕ ಅಂತೋಣಿ, ಗಿಡ್ಡ ಲಂಗದ ಮೇರಿ. ಇವರನ್ನು ಹುಡುಕಿಕೊಂಡು ನಮ್ಮ ಮನೆಗಳಿಗೆ ಬಂದರೆ ನೈಟಿ ಹಾಕಿಕೊಂಡು ಬಸಳೆ ಕೊಯ್ಯುವ ಹೆಂಗಸರು ಸಿಗುತ್ತಾರೆ.

ಕಳೆದುಹೋದ ವಸ್ತು ಹುಡುಕಿಕೊಡುವ ಸಂತ ಇದ್ದಾರಂತೆ?

ಸಂತ ಅಂತೋಣಿ. 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಹುಟ್ಟಿ, 1231ರಲ್ಲಿ ಇಟಲಿಯ ಪಾದುವಾದಲ್ಲಿ ತೀರಿಕೊಂಡವರು. ಒಬ್ಬ ಹುಡುಗ ಅವರ ಪ್ರಾರ್ಥನಾ ಪುಸ್ತಕ ಕದ್ದು ಓಡಿದ, ಅವರು ಪ್ರಾರ್ಥಿಸಿದಾಗ ತಾನೇ ತಂದುಕೊಟ್ಟ ಎಂಬ ಕಥೆಯಿಂದ ಈ ಕೆಲಸ ಅವರ ತಲೆಗೆ ಬಿತ್ತು. ಸ್ಕೂಟರ್ ಕೀ, ಕನ್ನಡಕ, ಆಧಾರ್ ಕಾರ್ಡ್, ಎಲ್ಲದಕ್ಕೂ ಅವರೇ. ಸಿಕ್ಕ ಮೇಲೆ ಬಡವರ ಪೆಟ್ಟಿಗೆಗೆ ಕಾಣಿಕೆ ಹಾಕುವುದು ವಾಡಿಕೆ.

ಕರ್ನಾಟಕದಲ್ಲಿ ಅವರ ದೊಡ್ಡ ಕ್ಷೇತ್ರ ಮೈಸೂರು ಜಿಲ್ಲೆಯ ಡೋರನಹಳ್ಳಿ. ರೈತನೊಬ್ಬ ಹೊಲ ಉಳುವಾಗ ಮರದ ಮೂರ್ತಿ ಸಿಕ್ಕಿತು, ಯಾರದೆಂದು ತಿಳಿಯದೆ ಆಟದ ಗೊಂಬೆ ಅಂದುಕೊಂಡರು ಎಂದು ಜನ ಹೇಳುತ್ತಾರೆ. ನೇಗಿಲಿಗೆ ದೇವರು ಸಿಗುವ ಇಂಥ ಕಥೆ ನಮ್ಮ ಎಷ್ಟು ಊರುಗಳಲ್ಲಿ ಇಲ್ಲ ಹೇಳಿ! ಮಂಗಳವಾರ ಅಲ್ಲಿ ವಿಶೇಷ. ಗುರುವಾರವಾದರೆ ಬೆಂಗಳೂರಿನ ವಿವೇಕನಗರದ ಬಾಲಯೇಸು. ಅಲ್ಲಿನ ಪುಟ್ಟ ಮೂರ್ತಿಯ ಮೂಲರೂಪ ಪ್ರಾಗ್ ನಗರದಲ್ಲಿದೆ. 1628ರಲ್ಲಿ ಒಬ್ಬ ಶ್ರೀಮಂತ ಮಹಿಳೆ ಅದನ್ನು ಅಲ್ಲಿನ ಕಾರ್ಮೆಲ್ ಮಠಕ್ಕೆ ಕೊಟ್ಟಿದ್ದು.

ಅತ್ತೂರು ಜಾತ್ರೆಗೆ ಎಲ್ಲರೂ ಹೋಗುತ್ತಾರಲ್ಲ, ಅಲ್ಲಿ ಏನಿದೆ?

ಕಾರ್ಕಳದ ಹತ್ತಿರದ ಅತ್ತೂರಿನಲ್ಲಿ ಸಂತ ಲಾರೆನ್ಸರ ಚರ್ಚ್ ಇದೆ. 1759ರಿಂದ ಇರುವ ಧರ್ಮಕೇಂದ್ರ, 2016ರಲ್ಲಿ ಬಸಿಲಿಕಾ ಆಯಿತು, ಅಂದರೆ ಪೋಪ್ ಅವರಿಂದ ವಿಶೇಷ ಗೌರವ ಪಡೆದ ಚರ್ಚ್. ಲಾರೆನ್ಸರು ರೋಮಿನಲ್ಲಿ ಬಡವರಿಗೆ ನೆರವು ಹಂಚುವ ಕೆಲಸ ನೋಡಿಕೊಳ್ಳುತ್ತಿದ್ದವರು. ಚರ್ಚಿನ ಸಂಪತ್ತು ತಂದೊಪ್ಪಿಸು ಎಂದು ಅಧಿಕಾರಿ ಗದರಿಸಿದಾಗ ಊರಿನ ಬಡವರು, ಕುಂಟರು, ಕುರುಡರನ್ನು ಕರೆತಂದು "ಇದೇ ಸಂಪತ್ತು" ಅಂದರಂತೆ. 258ರಲ್ಲಿ ಅವರನ್ನು ಕೊಂದರು. ಕಾದ ಕಬ್ಬಿಣದ ಜಾಲರಿಯ ಮೇಲೆ ಸುಡುವಾಗಲೂ "ಈ ಕಡೆ ಬೆಂದಿದೆ, ಮಗುಚಿ ಹಾಕಿ" ಅಂತ ತಮಾಷೆ ಮಾಡಿದರು ಎಂಬುದು ಐತಿಹ್ಯ. ಅದಕ್ಕೇ ಅವರು ಅಡುಗೆಯವರ ಪಾಲಕ ಸಂತ. ಇದನ್ನು ಯಾರು ಮೊದಲು ಯೋಚಿಸಿದರೋ, ಅವರ ಹಾಸ್ಯಪ್ರಜ್ಞೆಗೆ ಶರಣು.

ಲಾರೆನ್ಸರ ದಿನ ಆಗಸ್ಟ್ 10. ಕರಾವಳಿಯ ಆಗಸ್ಟ್ ಮಳೆಯಲ್ಲಿ ಜಾತ್ರೆ ಎಲ್ಲಿಂದ ನಡೆಯಬೇಕು? ಅತ್ತೂರಿನ ಜಾತ್ರೆ, ಸಾಂತ್ ಮಾರಿ, ನಡೆಯುವುದು ಜನವರಿಯಲ್ಲಿ, ಕೆಲವು ದಿನ ಸತತವಾಗಿ. ಮೇಣದಬತ್ತಿ, ಹರಕೆ, ಅಂಗಡಿ, ಬಳೆ, ಮಿಠಾಯಿ, ಎಲ್ಲ ಜಾತಿಯವರ ನೂಕುನುಗ್ಗಲು.

ಮೈಸೂರಿನ ಫಿಲೋಮಿನಾ ಸಂತಳೇ ಅಲ್ಲ ಅಂತ ಚರ್ಚ್ ಹೇಳಿದೆಯಾ?

ಪೂರ್ತಿ ಹಾಗಲ್ಲ. 1802ರಲ್ಲಿ ರೋಮಿನ ನೆಲಮಾಳಿಗೆ ಸಮಾಧಿಗಳಲ್ಲಿ ಸಿಕ್ಕ ಎಲುಬುಗಳಿಂದ ಶುರುವಾದ ಭಕ್ತಿ ಅದು. ಇತಿಹಾಸದ ಪುರಾವೆ ಸಾಲದು ಎಂದು 1961ರಲ್ಲಿ ಆಕೆಯ ಹಬ್ಬವನ್ನು ಪಂಚಾಂಗದಿಂದ ತೆಗೆದರು. ಜನ ಪ್ರಾರ್ಥಿಸುವುದನ್ನು ಯಾರೂ ತಡೆದಿಲ್ಲ. ಮೈಸೂರಿನ ಚರ್ಚಿಗೆ ಸಂತ ಜೋಸೆಫರ ಹೆಸರೂ ಇದೆ, ಆದರೆ ಆಟೋದವರಿಗೆ ಹಾಗಂದರೆ ಎಲ್ಲಿಗೆ ಕರೆದೊಯ್ಯುತ್ತಾರೋ! ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಅಡಿಗಲ್ಲು ಹಾಕಿದ ಈ ಕಟ್ಟಡಕ್ಕೆ ಜರ್ಮನಿಯ ಕೊಲೋನ್ ಕೆಥೆಡ್ರಲ್ ಮಾದರಿ.

ರೋಸ್ ಅಂದರೇನು? ಮದುಮಗಳ ಮೇಲೆ ತೆಂಗಿನಹಾಲು ಸುರಿಯುತ್ತಾರಂತೆ?

ಹೌದು. ಮದುವೆಯ ಹಿಂದಿನ ಸಂಜೆ, ವರನಿಗೆ ಅವನ ಮನೆಯಲ್ಲಿ, ವಧುವಿಗೆ ಅವಳ ಮನೆಯಲ್ಲಿ. ಹಿರಿಯರಿಂದ ಶುರುವಾಗಿ ಒಬ್ಬೊಬ್ಬರಾಗಿ ಬಂದು ಎಣ್ಣೆ, ತೆಂಗಿನಹಾಲು ಹಚ್ಚಿ ಆಶೀರ್ವದಿಸುತ್ತಾರೆ. ಹೆಂಗಸರು ವೊವಿಯೊ ಎಂಬ ಕೊಂಕಣಿ ಮದುವೆ ಹಾಡು ಹಾಡುತ್ತಾರೆ. ಇದು ಚರ್ಚಿನ ಸಂಸ್ಕಾರ ಅಲ್ಲ, ಅರಿಸಿನ ಎಣ್ಣೆ ಶಾಸ್ತ್ರದ ನೆಂಟ. ಸೋದರತ್ತೆಯರ ಸರದಿ ಮುಗಿಯುವ ತನಕ ಎಲ್ಲ ಗಂಭೀರ. ಗೆಳೆಯರ ಸರದಿ ಬಂದ ಮೇಲೆ ಮೊಟ್ಟೆ, ಬಿಯರ್, ಕೆಚಪ್ ಎಲ್ಲ ತಲೆಗೆ ಬೀಳುತ್ತದೆ. ಈ ಕೊನೆಯ ಭಾಗ ನಿಂತರೆ ನನಗಂತೂ ಬೇಸರವಿಲ್ಲ. ವಧುವಿನ ಕೂದಲು ತೊಳೆದುಕೊಡುವ ಕೆಲಸ ಒಮ್ಮೆ ಮಾಡಿ ನೋಡಿ, ನೀವೂ ಒಪ್ಪುತ್ತೀರಿ.

ತಪಸ್ಸುಕಾಲದಲ್ಲಿ ಮಾಂಸ ಬಿಡುತ್ತೀರಿ, ಮೀನು ತಿನ್ನುತ್ತೀರಿ. ಇದೆಂಥ ಉಪವಾಸ?

ನ್ಯಾಯವಾದ ಪ್ರಶ್ನೆ! ತಪಸ್ಸುಕಾಲ ಅಂದರೆ ಈಸ್ಟರಿಗೆ ಮೊದಲಿನ ನಲವತ್ತು ದಿನ. ಚರ್ಚಿನ ಹಳೆಯ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಕರಾವಳಿಯವರಿಗೆ ಇದು ಉಪವಾಸಕ್ಕಿಂತ ಅನುಕೂಲ. ಬಂಗುಡೆ ಪುಳಿಮುಂಚಿ ತಿಂದು ತ್ಯಾಗ ಮಾಡಿದೆವು ಅನ್ನಲು ನಾಚಿಕೆಯಾಗಿ ಕೆಲವರು ಮೀನನ್ನೂ ಬಿಡುತ್ತಾರೆ. ಇನ್ನು ಕೆಲವರು ಕುಡಿತ, ಸೀರಿಯಲ್, ಇನ್‌ಸ್ಟಾಗ್ರಾಮ್ ಬಿಡುತ್ತಾರೆ. ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಹಣೆಗೆ ಹಚ್ಚುವ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದ (ಈಸ್ಟರಿಗೆ ಹಿಂದಿನ ಭಾನುವಾರದ) ಗರಿ ಸುಟ್ಟದ್ದು.

ಈಸ್ಟರ್ ಪ್ರತಿವರ್ಷ ಓಡಾಡುವುದು ಚಂದ್ರನಿಂದಾಗಿ. ಮಾರ್ಚ್ 21ಕ್ಕೆ ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ ಕಳೆದ ನಂತರದ ಭಾನುವಾರ ಅದು. ಯುಗಾದಿ ಲೆಕ್ಕ ಹಾಕುವವರಿಗೆ ಇದೇನು ಕಷ್ಟವಲ್ಲ.

ಶುಭ ಶುಕ್ರವಾರಕ್ಕೆ 'ಹ್ಯಾಪಿ ಗುಡ್ ಫ್ರೈಡೇ' ಅನ್ನಬಹುದಾ?

ಬೇಡ. ಯೇಸು ಸತ್ತ ದಿನ. ಈಸ್ಟರ್ ಭಾನುವಾರದವರೆಗೆ ತಡೆದುಕೊಳ್ಳಿ.

ಡಿಸೆಂಬರಿನಲ್ಲಿ ಬರುವ ಕುಸ್ವಾರ್ ಡಬ್ಬಿಯಲ್ಲಿ ಏನೇನಿರುತ್ತದೆ? ಖಾಲಿ ಡಬ್ಬಿ ವಾಪಸ್ ಕೊಡಬೇಕಾ?

ಕುಸ್ವಾರ್ ಅಂದರೆ ಕ್ರಿಸ್ಮಸ್ ತಿಂಡಿಗಳು: ಕಿಡಿಯೊ, ನೆವ್ರ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕ್ಕೀಸ್, ಒಂದು ತುಂಡು ಪ್ಲಮ್ ಕೇಕ್. ನೆವ್ರ್ಯೊ ನೋಡಿದರೆ "ಅಯ್ಯೋ ಇದು ಕರ್ಜಿಕಾಯಿ" ಅನ್ನುತ್ತೀರಿ. ಸರಿಯೇ, ಅದೇ. ಕಿಡಿಯೊ ಮಾಡುವುದು ಮಕ್ಕಳ ಕೆಲಸ. ಚಿಟಿಕೆ ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಹುಳುವಿನ ಹಾಗೆ ಗೆರೆ ಮೂಡುತ್ತದೆ. ಇದಕ್ಕೆಂದೇ ಹೊಸ ಬಾಚಣಿಗೆ ಇಟ್ಟಿರುತ್ತೇವೆ, ಗಾಬರಿ ಬೇಡ. ಡಬ್ಬಿ ವಾಪಸ್ ಕೊಡಿ. ಖಾಲಿ ಕೊಡಲು ಮನಸ್ಸಾಗದವರು ಸಂಕ್ರಾಂತಿಯ ಎಳ್ಳು ಬೆಲ್ಲ ತುಂಬಿಸಿ ಕೊಡುತ್ತಾರೆ. ಆ ಪದ್ಧತಿಗೆ ನಮ್ಮ ಸಂಪೂರ್ಣ ಬೆಂಬಲವಿದೆ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿಕೃತಿ, ಕಟ್ಟುವುದು ಶುರುವಾದದ್ದು 1223ರಲ್ಲಿ, ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆ ತಂದು ಯೇಸುವಿನ ಹುಟ್ಟನ್ನು ತೋರಿಸಿದಾಗ. ನಮ್ಮ ಮನೆಯ ಗೋದಲಿಯಲ್ಲಿ ಹುಲ್ಲುಗಾವಲು ರಾಗಿಯದ್ದು. ಹಬ್ಬಕ್ಕೆ ವಾರ ಹತ್ತು ದಿನ ಮೊದಲು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಡಿಸೆಂಬರ್ 24ಕ್ಕೆ ಬೆರಳುದ್ದ ಹಸಿರು ಬಂದಿರುತ್ತದೆ.

ಜೀನ್ಸ್ ಹಾಕಿದ ಸಂತನ ಫೋಟೋ ನೋಡಿದೆ. ನಿಜವಾ?

ನಿಜ. ಕಾರ್ಲೊ ಅಕುತಿಸ್. 1991ರಲ್ಲಿ ಹುಟ್ಟಿ, ಮಿಲಾನ್‌ನಲ್ಲಿ ಬೆಳೆದು, 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ 2006ರಲ್ಲಿ ತೀರಿಕೊಂಡ ಹುಡುಗ. ಕಂಪ್ಯೂಟರ್ ಹುಚ್ಚು. ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ್ದ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಅಸ್ಸಿಸಿಯಲ್ಲಿ ಅವನ ದೇಹವನ್ನು ಜೀನ್ಸ್, ಶೂ ತೊಡಿಸಿಯೇ ಇಟ್ಟಿದ್ದಾರೆ. ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳಿಗೆ ಸಿಂಹದ ಬಾಯಿಗೆ ಬಿದ್ದ ಸಂತರಿಗಿಂತ ಇವನ ಕಥೆ ಬೇಗ ಹತ್ತಿರವಾಗುತ್ತದೆ. ವಿಡಿಯೋ ಗೇಮ್ ಆಡುತ್ತಿದ್ದ, ಆದರೆ ವಾರಕ್ಕೆ ಇಷ್ಟೇ ಹೊತ್ತು ಎಂದು ತಾನೇ ಮಿತಿ ಹಾಕಿಕೊಂಡಿದ್ದ ಎಂಬ ಭಾಗವನ್ನು ಅಮ್ಮಂದಿರು ಒತ್ತಿ ಒತ್ತಿ ಹೇಳುತ್ತಾರೆ.

ಕೊಂಕಣಿ ಹಾಡು ಅಂದರೆ ಬರೀ ಬೈಲಾನಾ?

ಮದುವೆ ಮಂಟಪದಲ್ಲಿ ಬೈಲಾದ ಕುಣಿತದ ಹಾಡುಗಳನ್ನಷ್ಟೇ ಕೇಳಿದವರಿಗೆ ಹಾಗನ್ನಿಸುತ್ತದೆ. ಕೊಂಕಣ್ ಕೋಗುಳ್ (ಕೊಂಕಣದ ಕೋಗಿಲೆ) ಎಂದು ಹೆಸರಾದ ಗಾಯಕ ವಿಲ್ಫಿ ರೆಬಿಂಬಸ್ (1942–2010) ಅವರನ್ನು ಕೇಳಿ. ಪ್ರೀತಿ, ಬಡತನ, ವಿದೇಶಕ್ಕೆ ಹೋದ ಗಂಡ, ದೇವರು, ಎಲ್ಲದರ ಮೇಲೂ ಹಾಡಿದ್ದಾರೆ. ಓದಲು ಬೇಕಾದರೆ 1938ರಿಂದ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆ ಇದೆ. ಅಚ್ಚಾಗುವುದು ಕನ್ನಡ ಲಿಪಿಯಲ್ಲಿ, ಹಾಗಾಗಿ ನೀವೂ ಓದಬಹುದು. ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಪಕ್ಕದ ಮನೆಯವರಿದ್ದಾರೆ.

ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡಬಹುದಾ?

ಹಾಸನದ ಹತ್ತಿರದ ಈ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದ ಮೇಲೆ ಜನ ಊರು ಬಿಟ್ಟರು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಈಗ ಅಲ್ಲಿ ನಿತ್ಯಪೂಜೆ ಇಲ್ಲ, ಫೋಟೋ ತೆಗೆಯುವವರೇ ಜಾಸ್ತಿ. ಹೋಗಿ ಬನ್ನಿ. ಬಣ್ಣದ ಹೊಗೆಯ ಡಬ್ಬಿ ಬೇಡ, ಗೋಡೆಗಳ ಮೇಲೆ ಹೆಸರು ಕೆತ್ತುವುದು ಬೇಡ. ಕಮಾನುಗಳನ್ನಂತೂ ಹತ್ತಲೇಬೇಡಿ. ವರ್ಷ ವರ್ಷ ನೀರಲ್ಲಿ ನೆನೆದ ಗಾರೆ, ಕಾಲಿಟ್ಟರೆ ಉದುರುತ್ತದೆ.